ಅಪ್ಪನ ಕಿವಿ ಮಿಷನ್ನು ಮತ್ತು ಮರೆವಿನ ಕಾಯಿಲೆ: ಸಂಶೋಧನೆ ನಿಜಕ್ಕೂ ಏನು ಹೇಳಿದೆ?

ಕುವೆಂಪುನಗರದ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮಪ್ಪನಿಗೆ 72 ವರ್ಷ. ಊರು ಪಾಂಡವಪುರದ ಹತ್ತಿರ. ಅಕ್ಕಿ ಗಿರಣಿಯಲ್ಲಿ 26 ವರ್ಷ ದುಡಿದವರು. ಐದಾರು ವರ್ಷದಿಂದ ಕಿವಿ ಮಂದ ಆಗಿದೆ. ಹೋದ ಭಾನುವಾರ ಊಟಕ್ಕೆ ಕೂತಿದ್ದೆವು. ನಾನು 'ಸಾಕು' ಅಂದೆ. ಅಪ್ಪ 'ಹಾಕು' ಅಂತ ಕೇಳಿಸಿಕೊಂಡು, ಪಾತ್ರೆ ಎಳೆದುಕೊಂಡು ಇನ್ನೊಂದು ಸೌಟು ಸಾರು ಹಾಕಿದರು. ಯಾರೂ ಏನೂ ಅನ್ನಲಿಲ್ಲ. ನಾನು ಅದನ್ನೂ ಉಂಡೆ. ಆದರೆ ಅವತ್ತೇ ಮನಸ್ಸು ಮಾಡಿದೆ, ಕಿವಿ ತೋರಿಸಲೇಬೇಕು ಅಂತ.

ಮೈಸೂರಿನ ಒಂದು ಹಿಯರಿಂಗ್ ಏಡ್ ಅಂಗಡಿಗೆ ಕರೆದುಕೊಂಡು ಹೋದೆ. ಪರೀಕ್ಷೆ ಫ್ರೀ ಅಂದರು. ಹತ್ತು ನಿಮಿಷದಲ್ಲಿ ಮುಗಿಯಿತು. ಎರಡೂ ಕಿವಿಗೆ ಸೇರಿ ಒಂದೂವರೆ ಲಕ್ಷ ಅಂದರು. ನಾನು ಹಿಂದೆಮುಂದೆ ನೋಡಿದ್ದಕ್ಕೆ ಒಂದು ಹಾಳೆ ತೆಗೆದು ಮುಂದಿಟ್ಟರು. 'ಮಿಷನ್ ಹಾಕಿದರೆ ಬುದ್ಧಿ ಮಂಕಾಗುವುದು ಶೇ 48ರಷ್ಟು ಕಡಿಮೆ, ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲೇ ಬಂದಿದೆ. ಈಗ ಹಾಕಿಸದಿದ್ದರೆ ಇನ್ನೈದು ವರ್ಷದಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಗ್ಯಾರಂಟಿ' ಅಂದರು. ಅಪ್ಪ ಪಕ್ಕದಲ್ಲೇ ಕೂತಿದ್ದರು. ಅವರಿಗೆ ಕೇಳಿಸಲಿಲ್ಲ, ಅಷ್ಟೇ ಪುಣ್ಯ.

ತಮ್ಮ ಹೇಳುತ್ತಾನೆ, ಇದೆಲ್ಲ ಹೆದರಿಸಿ ಮಾರುವ ವ್ಯಾಪಾರ ಅಂತ. ನನಗೆ ಎರಡು ರಾತ್ರಿಯಿಂದ ನಿದ್ದೆ ಇಲ್ಲ. ಆ ಸಂಶೋಧನೆ ನಿಜವಾ? ಗೊತ್ತಿರುವವರು ಹೇಳಿ.

ಮದ್ದೂರಿನವನು

ಅಕ್ಕ, ದುಡ್ಡು ಕೊಡದೆ ಎದ್ದು ಬಂದಿರಲ್ಲ, ಒಳ್ಳೇ ಕೆಲಸ ಮಾಡಿದಿರಿ. ನಿಮ್ಮ ತಮ್ಮ ಹೇಳಿದ್ದೇ ಸರಿ.

2023ರ ಏಪ್ರಿಲ್‌ನಲ್ಲಿ ಇದೇ ವಿಷಯದ ಮೇಲೆ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್‌ನಲ್ಲಿ ಒಂದು ದೊಡ್ಡ ಪೇಪರ್ ಬಂತು. ಬ್ರಿಟನ್ನಿನ ನಾಲ್ಕು ಲಕ್ಷಕ್ಕೂ ಜಾಸ್ತಿ ಜನರ ಅಂಕಿಅಂಶ. ಕಿವಿ ಮಂದ ಆಗಿಯೂ ಮಿಷನ್ ಹಾಕದವರಿಗೆ ಡಿಮೆನ್ಷಿಯಾ ಅಪಾಯ ಶೇ 42ರಷ್ಟು ಹೆಚ್ಚು, ಹಾಕಿದವರಿಗೆ ಹೆಚ್ಚಿಲ್ಲ ಅಂತ ಬರೆದಿದ್ದರು. ಜಗತ್ತಿನ ಪತ್ರಿಕೆಗಳೆಲ್ಲ ಹಾಕಿದವು. ಅದೇ ವರ್ಷ ಡಿಸೆಂಬರ್‌ನಲ್ಲಿ ಆ ಪೇಪರನ್ನೇ ವಾಪಸ್ ತೆಗೆದುಕೊಂಡರು. ಯಾಕೆ ಗೊತ್ತಾ? ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವಾಗ ಮಿಷನ್ ಹಾಕಿದವರ ಅಂಕಿ ಹಾಕದವರ ಕಡೆಗೆ, ಹಾಕದವರದು ಹಾಕಿದವರ ಕಡೆಗೆ ಅದಲುಬದಲಾಗಿತ್ತು. ಬಂದಾಗ ಮುಖಪುಟ, ವಾಪಸ್ ಹೋದಾಗ ಮೂಲೆಯಲ್ಲೂ ಜಾಗ ಇಲ್ಲ. ಅಂಗಡಿಯವರ ಹಾಳೆಯಲ್ಲಂತೂ ಬರುವುದೇ ಇಲ್ಲ.

ನನಗೆ ಯಾಕೆ ಇಷ್ಟು ಸಿಟ್ಟು ಅಂದರೆ, ನಮ್ಮಮ್ಮನಿಗೆ ಮರೆವಿನ ಕಾಯಿಲೆ ಬಂದು ಐದು ವರ್ಷ ನೋಡಿಕೊಂಡಿದ್ದೇನೆ. ಕೊನೆಯ ವರ್ಷ ನನ್ನನ್ನೇ 'ಯಾರಪ್ಪ ನೀನು' ಅಂತಿದ್ದಳು. ಅವಳ ಕಿವಿ ಕಡೇತನಕ ಚುರುಕಾಗಿಯೇ ಇತ್ತು. ಆ ಐದು ವರ್ಷದಲ್ಲಿ ಎಣ್ಣೆ, ಪುಡಿ, ಬೆಲ್ಟು ಅಂತ ನಮಗೆ ಮಾರದ ವಸ್ತು ಇಲ್ಲ. ಎಲ್ಲದರ ಜೊತೆಗೂ ಒಂದು 'ಸಂಶೋಧನೆ' ಇರುತ್ತಿತ್ತು.

ಗಂಗೋತ್ರಿಯಲ್ಲಿ ಓದಿದವಳು

ನಾನು ಆಡಿಯಾಲಜಿ, ಅಂದರೆ ಕಿವಿ ಕೇಳಿಸುವುದರ ಶಾಸ್ತ್ರ, ಓದಿದ್ದು, ಈಗಲೂ ಅದೇ ಕೆಲಸ. ಮದ್ದೂರಿನ ಅಣ್ಣ ಹೇಳಿದ ಪೇಪರ್ ವಾಪಸ್ ಹೋಗಿದ್ದು ನಿಜ, ಕಾರಣವೂ ಅದೇ. ಆದರೆ ಅಂಗಡಿಯವರು ತೋರಿಸಿದ 48 ಆ ಪೇಪರಿನದಲ್ಲ. ಅದು ಬೇರೆ. ಅದು ವಾಪಸ್ ಹೋಗಿಲ್ಲ.

ಅದರ ಹೆಸರು ಅಚೀವ್ ಟ್ರಯಲ್. 2023ರ ಜುಲೈನಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಅಮೆರಿಕದ ನಾಲ್ಕು ಕಡೆಯ 977 ಜನ, 70ರಿಂದ 84 ವಯಸ್ಸಿನವರು. ಎಲ್ಲರಿಗೂ ಕಿವಿ ಸ್ವಲ್ಪ ಮಂದ. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹಿಯರಿಂಗ್ ಏಡ್, ಅದನ್ನು ಬಳಸುವ ತರಬೇತಿ. ಇನ್ನೊಂದಕ್ಕೆ ಆರೋಗ್ಯದ ಬಗ್ಗೆ ಪಾಠ. ಮೂರು ವರ್ಷ ಬಿಟ್ಟು ನೆನಪು, ಬುದ್ಧಿಯ ಪರೀಕ್ಷೆ ಮಾಡಿ ನೋಡಿದರು.

ಒಟ್ಟು 977 ಜನರನ್ನು ಸೇರಿಸಿ ನೋಡಿದಾಗ ಎರಡು ಗುಂಪಿಗೂ ವ್ಯತ್ಯಾಸ ಸಿಗಲಿಲ್ಲ. ಇದನ್ನು ಅಂಗಡಿಯವರು ಹೇಳಬೇಕಿತ್ತು, ಹೇಳಲಿಲ್ಲ. ಅವರಲ್ಲಿ 238 ಜನ ಮೊದಲಿನಿಂದಲೂ ಒಂದು ಹೃದಯದ ಅಧ್ಯಯನದಲ್ಲಿ ಇದ್ದವರು. ವಯಸ್ಸು ಜಾಸ್ತಿ, ಬಿಪಿ, ಶುಗರ್ ತರಹದ ತೊಂದರೆ ಜಾಸ್ತಿ. ಅವರನ್ನಷ್ಟೇ ಬೇರೆಯಾಗಿ ನೋಡಿದಾಗ, ಬುದ್ಧಿ ಮಂಕಾಗುವ ವೇಗ ಏಡ್ ಹಾಕಿದವರಲ್ಲಿ ಶೇ 48 ಕಡಿಮೆ ಇತ್ತು. ಉಳಿದ 739 ಜನ ಹೊಸದಾಗಿ ಸೇರಿದವರು, ಗಟ್ಟಿಮುಟ್ಟಾದವರು. ಮೂರು ವರ್ಷದಲ್ಲಿ ಅವರ ಬುದ್ಧಿ ಮಂಕಾಗಿದ್ದೇ ಕಡಿಮೆ. ತಡೆಯಲು ಅಲ್ಲಿ ಹೆಚ್ಚೇನೂ ಇರಲಿಲ್ಲ.

ಇನ್ನು 'ಗ್ಯಾರಂಟಿ' ಅನ್ನುವ ಮಾತು. 2024ರಲ್ಲಿ ಲ್ಯಾನ್ಸೆಟ್ ಆಯೋಗ ಒಂದು ವರದಿ ಕೊಟ್ಟಿತು. ಡಿಮೆನ್ಷಿಯಾಗೆ ನಾವು ಸರಿಪಡಿಸಿಕೊಳ್ಳಬಹುದಾದ 14 ಕಾರಣಗಳನ್ನು ಹೇಳಿದೆ. ಓದು ಕಡಿಮೆ, ಬಿಪಿ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಕೊಲೆಸ್ಟರಾಲ್, ಕಣ್ಣು ಮಂಜಾಗುವುದು, ಒಂಟಿತನ, ಹೀಗೆ. ಈ 14ನ್ನೂ ಸರಿಪಡಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಅನ್ನುವ ಲೆಕ್ಕ. ಅದರಲ್ಲಿ ಕಿವಿಯ ಪಾಲು ಶೇ 7. ಒಂದೇ ಕಾರಣಕ್ಕೆ ಅದು ದೊಡ್ಡ ಪಾಲೇ. ಆದರೆ ಇದು ಇಡೀ ಜಗತ್ತಿನ ಜನರ ಲೆಕ್ಕ. ಒಬ್ಬ ಮನುಷ್ಯನನ್ನು ಮುಂದೆ ಕೂರಿಸಿಕೊಂಡು 'ಇನ್ನೈದು ವರ್ಷ' ಅನ್ನುವುದು ಪೂರ್ತಿ ತಪ್ಪು. ನನ್ನ ವೃತ್ತಿಯವರು ಹಾಗೆ ಅಂದಿದ್ದರೆ ನನಗೆ ನಾಚಿಕೆ ಆಗುತ್ತೆ.

ಮದ್ದೂರಿನವನು

ಮೇಡಂ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ಆದರೂ ಒಪ್ಪಲು ಆಗುತ್ತಿಲ್ಲ. ಒಟ್ಟು ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ ಅಂದಮೇಲೆ, ಇರುವ ಕಡೆ ಹುಡುಕಿ ತೋರಿಸಿದ ಹಾಗಲ್ವಾ? ಗದ್ದೆಯಲ್ಲಿ ಪೂರ್ತಿ ಬೆಳೆ ಬಂದಿಲ್ಲ, ಒಂದು ಮೂಲೆ ಚೆನ್ನಾಗಿ ಬಂತು. ಆ ಮೂಲೆಯ ತೆನೆ ತಂದು 'ನೋಡಿ ನನ್ನ ಬೆಳೆ' ಅಂದರೆ ಹೇಗೆ?

ಅದೂ ಅಮೆರಿಕದವರ ಮೇಲೆ ಮಾಡಿದ್ದು. ನಮ್ಮ ಪಾಂಡವಪುರದ ಅಪ್ಪನಿಗೆ ಅದು ಹೊಂದುತ್ತೆ ಅಂತ ಯಾರು ಹೇಳಿದರು?

ಗಂಗೋತ್ರಿಯಲ್ಲಿ ಓದಿದವಳು

ಸರಿಯಾದ ಪ್ರಶ್ನೆ. ಎರಡು ಮಾತು ಹೇಳುತ್ತೇನೆ.

ಆಮೇಲೆ ಹುಡುಕಿದ ಮೂಲೆ ಅಲ್ಲ ಅದು. 238 ಮತ್ತು 739, ಈ ಎರಡೂ ಗುಂಪನ್ನು ಬೇರೆಬೇರೆಯಾಗಿ ನೋಡುತ್ತೇವೆ ಅಂತ ಪ್ರಯೋಗ ಶುರುವಾಗುವ ಮೊದಲೇ ಬರೆದಿಟ್ಟಿದ್ದರು. ನಿಮ್ಮ ಮಾತಿನಲ್ಲೇ ಹೇಳುವುದಾದರೆ, ಬಿತ್ತುವ ಮೊದಲೇ 'ಆ ಮೂಲೆ ಬೇರೆ ಮಣ್ಣು, ಬೇರೆ ಅಳೆಯುತ್ತೇವೆ' ಅಂದಿದ್ದರು. ಹಾಗಿದ್ದರೂ 238 ಸಣ್ಣ ಗುಂಪೇ. ಇನ್ನೊಂದು ಕಡೆಯೂ ಹೀಗೇ ಬಂದರೆ ಆಗ ಗಟ್ಟಿಯಾಗಿ ಹೇಳಬಹುದು. ಅಲ್ಲಿಯತನಕ 'ಆಗಬಹುದು' ಅನ್ನಬೇಕು, 'ಆಗುತ್ತೆ' ಅನ್ನಬಾರದು.

ನಮ್ಮ ದೇಶದ್ದು ಕೇಳಿದಿರಿ. 60 ದಾಟಿದ ಭಾರತೀಯರಲ್ಲಿ ಶೇ 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಅಂತ 2023ರಲ್ಲಿ ಒಂದು ರಾಷ್ಟ್ರಮಟ್ಟದ ಅಧ್ಯಯನ ಹೇಳಿತು. ಪೇಟೆಗಿಂತ ಹಳ್ಳಿಯಲ್ಲಿ ಜಾಸ್ತಿ. ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಐಐಎಸ್‌ಸಿಯ ಮಿದುಳು ಸಂಶೋಧನಾ ಕೇಂದ್ರದವರು ವಯಸ್ಸಾದವರನ್ನು ವರ್ಷ ವರ್ಷ ಪರೀಕ್ಷೆ ಮಾಡುತ್ತಾ ಬರುತ್ತಿದ್ದಾರೆ. 10,000 ಜನರನ್ನು ಸೇರಿಸುವ ಗುರಿ. ಮುದ್ದೆ ಸಾರು ಉಂಡು ಬೆಳೆದವರ ಮಿದುಳಿನ ಬಗ್ಗೆ ನಮಗೆ ಉತ್ತರ ಬರಬೇಕಾದ್ದು ಅಂಥ ಕೆಲಸದಿಂದಲೇ.

ನಿವೃತ್ತ ಮೇಷ್ಟ್ರು, ಮಂಡ್ಯ

ಅಮ್ಮಾ, ಕುವೆಂಪುನಗರದ ಮಗಳೇ, ನಾನು ನಾಲ್ಕು ವರ್ಷದಿಂದ ಎರಡೂ ಕಿವಿಗೆ ಹಾಕುತ್ತಿದ್ದೇನೆ. ಪೇಪರಿನ ವಿಷಯ ಅವರಿಬ್ಬರೂ ಮಾತಾಡಲಿ. ನಾನು ಕಿವಿಯ ವಿಷಯ ಹೇಳುತ್ತೇನೆ.

ಕಿವಿ ಹೋಗುವಾಗ ಒಂದೇ ಸಲ ಹೋಗುವುದಿಲ್ಲ. ಮೊದಲು ಸ, ಶ, ತ, ಕ ಹೋಗುತ್ತವೆ. ಆ, ಓ, ಊ ಉಳಿಯುತ್ತವೆ. ಹಾಗಾಗಿ ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತೆ, ಏನು ಅಂತ ಗೊತ್ತಾಗಲ್ಲ. 'ಸಾಲ' ಅಂದರೆ 'ಹಾಲ' ಅಂತ ಕೇಳುತ್ತೆ. ನಿಮ್ಮಪ್ಪನಿಗೆ 'ಸಾಕು' 'ಹಾಕು' ಆಗಿದ್ದೂ ಇದೇ. ಎಷ್ಟು ಸಲ ಅಂತ 'ಏನು, ಏನು' ಅಂತ ಕೇಳುವುದು? ಮೊಮ್ಮಗಳು ಒಂದು ದಿನ 'ಹೋಗ್ಲಿ ಬಿಡು ತಾತ, ಏನಿಲ್ಲ' ಅಂದಳು. ಆ 'ಏನಿಲ್ಲ' ಇದೆಯಲ್ಲ, ಅದು ಬಹಳ ನೋವು ಮಾಡಿತು. ಅವತ್ತಿನಿಂದ ಕೇಳುವುದನ್ನೇ ಬಿಟ್ಟೆ. ಎಲ್ಲದಕ್ಕೂ 'ಹೂಂ' ಅಂದುಬಿಡುತ್ತಿದ್ದೆ. ಮದುವೆ ಮನೆಗೆ ಹೋಗುವುದು ನಿಂತಿತು. ಸಂಜೆ ಪಾರ್ಕಿನ ಕಟ್ಟೆಗೆ ಹೋಗುವುದು ನಿಂತಿತು.

ಮನೆಯವರೆಲ್ಲ ಅರಳು ಮರಳು ಅಂದುಕೊಂಡರು. ಮಗ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರು ಮೂರು ಪದ ಹೇಳಿ ನೆನಪಿಟ್ಟುಕೊಳ್ಳಿ, ಆಮೇಲೆ ಕೇಳುತ್ತೇನೆ ಅಂದರು. ಮುಖಕ್ಕೆ ಮಾಸ್ಕು ಬೇರೆ ಹಾಕಿದ್ದರು, ತುಟಿ ಕಾಣಲಿಲ್ಲ. ಮೂರರಲ್ಲಿ ಎರಡು ಪದ ನನ್ನ ಕಿವಿಗೇ ಬೀಳಲಿಲ್ಲ. ಬೀಳದ ಪದವನ್ನು ನೆನಪಿಟ್ಟುಕೊಳ್ಳುವುದು ಹೇಗೆ? 36 ವರ್ಷ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿದವನು ನಾನು. ಆ ಕುರ್ಚಿಯಲ್ಲಿ ಕಣ್ಣೀರು ಬಂತು.

ಮಿಷನ್ ಹಾಕಿಸಿಕೊಂಡು ಎರಡು ತಿಂಗಳ ಮೇಲೆ ಅದೇ ಪರೀಕ್ಷೆ ಮತ್ತೆ ಮಾಡಿದರು. ಮೂರೂ ಪದ ಹೇಳಿದೆ.

ಗಂಗೋತ್ರಿಯಲ್ಲಿ ಓದಿದವಳು

ಮೇಷ್ಟ್ರೇ, ನೀವು ಬರೆದದ್ದನ್ನು ನಮ್ಮ ವಿದ್ಯಾರ್ಥಿಗಳಿಗೆ ಓದಿ ಹೇಳಬೇಕು ಅನ್ನಿಸಿತು. ನೆನಪಿನ ಪರೀಕ್ಷೆಗೆ ಮೊದಲು ಕಿವಿ ನೋಡಿ ಅಂತ ನಾವು ಹೇಳುವುದೇ ಇದಕ್ಕೆ.

ಸ, ಶ ಯಾಕೆ ಮೊದಲು ಹೋಗುತ್ತೆ ಅಂತಲೂ ಹೇಳಿಬಿಡುತ್ತೇನೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ ಇದೆ. ಅದರೊಳಗೆ ಸುಮಾರು 15,000 ಕೂದಲ ಕೋಶಗಳು. ಬಾಗಿಲ ಹತ್ತಿರ ಇರುವ ಕೋಶಗಳು ಕೀಚಲು ಸದ್ದು ಹಿಡಿಯುತ್ತವೆ, ಸುರುಳಿಯ ತುದಿಯವು ದಪ್ಪ ಸದ್ದು. ಒಳಗೆ ಬರುವ ಸದ್ದೆಲ್ಲ ಬಾಗಿಲ ಹತ್ತಿರದ ಕೋಶಗಳನ್ನು ತುಳಿದುಕೊಂಡೇ ಹೋಗಬೇಕು. ಅವೇ ಮೊದಲು ಸವೆಯುತ್ತವೆ. ಗಿರಣಿ, ಕಾರ್ಖಾನೆಯಲ್ಲಿ ದುಡಿದವರ ಕಿವಿಯ ನಕ್ಷೆ ತೆಗೆದರೆ 4,000 ಹರ್ಟ್ಸ್, ಅಂದರೆ ಕೀಚಲು ಸದ್ದಿನ, ಹತ್ತಿರ ಗುಂಡಿ ಬಿದ್ದ ಹಾಗೆ ಇರುತ್ತೆ. ಮನುಷ್ಯರಲ್ಲಿ ಈ ಕೋಶಗಳು ಮತ್ತೆ ಹುಟ್ಟುವುದಿಲ್ಲ. ಕೋಳಿಗೆ, ಮೀನಿಗೆ ಹುಟ್ಟುತ್ತವೆ.

ವಿಜಯನಗರ ಟೆಕ್ಕಿ

ಹಾಗಾದರೆ ಒಂದೂವರೆ ಲಕ್ಷ ಯಾಕೆ ಕೊಡಬೇಕು? 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಉಪಕರಣ ನಿಯಂತ್ರಿಸುವ ಎಫ್‌ಡಿಎ ಆಪಲ್‌ನ ಏರ್‌ಪಾಡ್ಸ್ ಪ್ರೊ ಇಯರ್‌ಬಡ್ಸ್‌ನಲ್ಲೇ ಹಿಯರಿಂಗ್ ಏಡ್ ತರಹ ಕೆಲಸ ಮಾಡುವ ಸಾಫ್ಟ್‌ವೇರ್‌ಗೆ ಒಪ್ಪಿಗೆ ಕೊಟ್ಟಿದೆ. ಅಲ್ಲಿ 2022ರಿಂದಲೇ ವೈದ್ಯರ ಚೀಟಿ ಇಲ್ಲದೆ ಅಂಗಡಿಯಲ್ಲಿ ಏಡ್ ಕೊಳ್ಳಬಹುದು. ಇನ್ನು ಜೀನ್ ಥೆರಪಿ, ಅಂದರೆ ಕೆಟ್ಟ ಜೀನಿನ ಬದಲು ಸರಿಯಾದ ಜೀನ್ ಕೊಡುವ ಚಿಕಿತ್ಸೆ. 2024ರ ಜನವರಿಯಲ್ಲಿ ಶಾಂಘೈನ ವೈದ್ಯರ ಪ್ರಯೋಗ ಲ್ಯಾನ್ಸೆಟ್‌ನಲ್ಲಿ ಬಂತು. ಹುಟ್ಟು ಕಿವುಡು ಇದ್ದ ಆರು ಮಕ್ಕಳ ಒಳಗಿವಿಗೆ ಒಂದೇ ಇಂಜೆಕ್ಷನ್, ಐದು ಮಕ್ಕಳಿಗೆ ಕಿವಿ ಕೇಳಿಸಿತು. ಅದನ್ನು ಓದಿದ ರಾತ್ರಿ ನನಗೆ ಮೈ ಜುಮ್ಮೆಂದಿತ್ತು. ನನ್ನ ಅಕ್ಕನ ಮಗ ಹುಟ್ಟು ಕಿವುಡ. ಸ್ವಲ್ಪ ಕಾಯ್ದರೆ ಎಲ್ಲರಿಗೂ ದಾರಿ ಸಿಗುತ್ತೆ ಅನ್ನಿಸುತ್ತೆ. ಈಗಲೇ ಅಷ್ಟು ದುಡ್ಡು ಸುರಿಯಬೇಡಿ.

ಗಂಗೋತ್ರಿಯಲ್ಲಿ ಓದಿದವಳು

ನೀವು ಹೇಳಿದ ಎರಡೂ ಸುದ್ದಿ ನಿಜ. ಆದರೆ ಕಾಯಿರಿ ಅನ್ನುವುದನ್ನು ನಾನು ಒಪ್ಪಲ್ಲ.

ಶಾಂಘೈನ ಮಕ್ಕಳಿಗೆ ಇದ್ದದ್ದು ಓಟಿಒಎಫ್ ಅನ್ನುವ ಒಂದೇ ಒಂದು ಜೀನಿನ ದೋಷ. ಅವರ ಕೂದಲ ಕೋಶಗಳು ಜೀವಂತ ಇದ್ದವು. ನರಕ್ಕೆ ಸಂದೇಶ ದಾಟಿಸುವ ಒಂದು ಪ್ರೋಟೀನ್ ಇರಲಿಲ್ಲ. ಜೀನ್ ಕೊಟ್ಟ ಮೇಲೆ ದಾಟಿತು. ಗಿರಣಿಯ ಸದ್ದಿಗೆ ಸತ್ತ ಕೋಶಕ್ಕೆ ಅದು ಆಗುವುದಿಲ್ಲ. ಸತ್ತ ಕೋಶವನ್ನು ಮತ್ತೆ ಬೆಳೆಸುವ ಔಷಧಿಯನ್ನೂ ಅಮೆರಿಕದ ಒಂದು ಕಂಪನಿ ಪ್ರಯತ್ನಪಟ್ಟಿತು. 2023ರ ಫಲಿತಾಂಶದಲ್ಲಿ ಬರೀ ನೆಪಕ್ಕೆ ಕೊಟ್ಟ ಖಾಲಿ ಔಷಧಿಗಿಂತ ಮೇಲೇನೂ ಆಗಲಿಲ್ಲ. ನಿಮ್ಮ ಅಕ್ಕನ ಮಗನಿಗೆ ಯಾವ ಜೀನ್ ಅಂತ ಪರೀಕ್ಷೆ ಆಗಿದೆಯಾ? ಆಗಿಲ್ಲದಿದ್ದರೆ ಮಾಡಿಸಿ. ಆದರೆ ಜೀನ್ ಥೆರಪಿಗೆ ಕಾಯುತ್ತಾ ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಗಿವಿಗೆ ಕೂರಿಸುವ ಉಪಕರಣ), ಮಾತಿನ ತರಬೇತಿ ತಡಮಾಡಬೇಡಿ. ಮಕ್ಕಳ ಮಿದುಳು ಮಾತು ಕಲಿಯುವ ಕಾಲ ಮೊದಲ ಕೆಲವು ವರ್ಷ. ಅದು ಕಾಯಲ್ಲ.

ಇಯರ್‌ಬಡ್ಸ್ ಸ್ವಲ್ಪ ಮಂದ, ಮಧ್ಯಮ ಮಂದ ಇರುವ ದೊಡ್ಡವರಿಗೆ ಅಂತಲೇ ಒಪ್ಪಿಗೆ ಆಗಿದ್ದು. ಅಪ್ಪನದು ಎಷ್ಟು ಅಂತ ಇನ್ನೂ ಸರಿಯಾಗಿ ಅಳೆದೇ ಇಲ್ಲವಲ್ಲ.

ನಿವೃತ್ತ ಮೇಷ್ಟ್ರು, ಮಂಡ್ಯ

ಇಯರ್‌ಬಡ್ಸ್ ನನ್ನ ಮಗ ತಂದುಕೊಟ್ಟಿದ್ದ. ಬೆಳಿಗ್ಗೆ ಹಾಕಿದರೆ ಮಧ್ಯಾಹ್ನಕ್ಕೆ ಚಾರ್ಜ್ ಖಾಲಿ. ಫೋನಿನಲ್ಲಿ ಏನೇನೋ ಒತ್ತಬೇಕು. ಜೊತೆಗೆ, ಕಿವಿಗೆ ಬಡ್ ಸಿಕ್ಕಿಸಿಕೊಂಡವರನ್ನು ಕಂಡರೆ ಜನ ತಮ್ಮ ಪಾಡಿಗೆ ಹಾಡು ಕೇಳುತ್ತಿದ್ದಾರೆ ಅಂತ ಮಾತಾಡಿಸುವುದೇ ಇಲ್ಲ.

ಗಾಣದ ಮನೆ

ಎಲ್ಲರದೂ ಓದಿದೆ. ನಮ್ಮದು ಮಂಡ್ಯದ ಹತ್ತಿರ ಆಲೆಮನೆ. ನನಗೆ 44. ದಿನಾ ಗಾಣದ ಪಕ್ಕದಲ್ಲೇ ನಿಲ್ಲುತ್ತೇನೆ. ಕಬ್ಬು ಕೊಡುವವನು, ಒಲೆಗೆ ಸಿಪ್ಪೆ ಹಾಕುವವನು, ಕೊಪ್ಪರಿಗೆ ನೋಡುವವನು, ಎಲ್ಲರೂ ಕೂಗಿಕೊಂಡೇ ಮಾತಾಡುತ್ತೇವೆ. ರಾತ್ರಿ ಮಲಗಿದರೆ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಕುಯ್ಯ್ ಅನ್ನುತ್ತೆ. ಎಲ್ಲರಿಗೂ ಹಾಗೇ ಅಂದುಕೊಂಡಿದ್ದೆ. ಅದು ಬೇರೇನಾದರೂ ಇರಬಹುದಾ?

ಗಂಗೋತ್ರಿಯಲ್ಲಿ ಓದಿದವಳು

ಅಣ್ಣ, ಎಲ್ಲರಿಗೂ ಹಾಗಾಗಲ್ಲ. ದೊಡ್ಡ ಸದ್ದಿನಲ್ಲಿ ಬಹಳ ದಿನ ಕೆಲಸ ಮಾಡಿದವರಿಗೆ ಹೀಗೆ ಕೂಗುವುದು ಸಾಮಾನ್ಯ, ಕಿವಿ ಸವೆಯುತ್ತಿದೆ ಅನ್ನುವ ಸುಳಿವು. ಪರೀಕ್ಷೆ ಮಾಡಿಸಿ.

ಒಂದು ಲೆಕ್ಕ ಮನಸ್ಸಿನಲ್ಲಿ ಇರಲಿ. 85 ಡೆಸಿಬಲ್ (ಸದ್ದಿನ ಅಳತೆ) ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಅಂತ ತಜ್ಞರು ಹೇಳುತ್ತಾರೆ. ಅಲ್ಲಿಂದ ಮೇಲೆ 3 ಡೆಸಿಬಲ್ ಏರಿದಾಗೆಲ್ಲ ಹೊತ್ತು ಅರ್ಧ ಆಗುತ್ತೆ. 88ಕ್ಕೆ 4 ಗಂಟೆ. 91ಕ್ಕೆ 2. 94ಕ್ಕೆ ಒಂದೇ ಗಂಟೆ. 100ಕ್ಕೆ ಕಾಲು ಗಂಟೆ. ಕೈ ಚಾಚಿದಷ್ಟು ದೂರದಲ್ಲಿ ನಿಂತವರ ಜೊತೆ ಕೂಗಿ ಮಾತಾಡಬೇಕು ಅಂದರೆ 85 ದಾಟಿದೆ ಅಂತಲೇ ತಿಳಿಯಿರಿ. ಹತ್ತಿ ತುರುಕಿದರೆ ಸಾಲದು. ಕಿವಿ ಪೂರ್ತಿ ಮುಚ್ಚುವ ಇಯರ್ ಮಫ್ ಸಿಗುತ್ತೆ, ಫೋಮಿನ ಬಿರಡೆಯೂ ಸಿಗುತ್ತೆ. ಕೆಲಸದವರಿಗೂ ಕೊಡಿಸಿ.

ವಿಜಯನಗರ ಟೆಕ್ಕಿ

ಗಣೇಶನ ಮೆರವಣಿಗೆಯ ಡಿಜೆ ಮುಂದೆ ಎರಡು ವರ್ಷದ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಲ್ಲುತ್ತಾರೆ. ಕಾನೂನಿನಲ್ಲಿ ಜನವಸತಿ ಜಾಗಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಅಂತ 2000ನೇ ಇಸವಿಯಿಂದಲೂ ಇದೆ. ಈಗ ಈ ಲೆಕ್ಕ ಓದಿದ ಮೇಲೆ ಹೊಟ್ಟೆ ಕಿವುಚಿತು.

ಮದ್ದೂರಿನವನು

ಸದ್ದಿನ ವಿಷಯದಲ್ಲಿ ನನ್ನ ತಕರಾರಿಲ್ಲ. ಅದು ಕಣ್ಣಿಗೆ ಕಾಣುವ ಸತ್ಯ. ಮೇಷ್ಟ್ರ ಮಾತೂ ಮನಸ್ಸಿಗೆ ನಾಟಿತು.

ಆದರೆ ಅಕ್ಕ ಕೇಳಿದ್ದು, ಮರೆವಿನ ಕಾಯಿಲೆ ತಪ್ಪುತ್ತಾ ಅಂತ. ಅದಕ್ಕೆ ನೇರ ಉತ್ತರ 'ಖಾತ್ರಿ ಇಲ್ಲ'. ಇದನ್ನು ಮೊದಲ ಸಾಲಿನಲ್ಲೇ ಹೇಳಬೇಕು ಅನ್ನುವುದು ನನ್ನ ಹಟ. ಯಾಕೆ ಅಂದರೆ, ನಾಳೆ ಮಿಷನ್ ಹಾಕಿಸಿಯೂ ಅಪ್ಪನಿಗೆ ಮರೆವು ಬಂತು ಅಂತಿಟ್ಟುಕೊಳ್ಳಿ. ಅಕ್ಕ ಏನಂದುಕೊಳ್ಳುತ್ತಾರೆ? 'ನಾನು ತಡಮಾಡಿದೆ, ಇನ್ನೆರಡು ವರ್ಷ ಮೊದಲೇ ಹಾಕಿಸಬೇಕಿತ್ತು' ಅಂತ. ನಾನು ಅಮ್ಮನ ವಿಷಯದಲ್ಲಿ ಇವತ್ತಿಗೂ ಹಾಗೇ ಅಂದುಕೊಳ್ಳುತ್ತೇನೆ. ಮಾಡಿದ್ದೆಲ್ಲ ಮರೆತು ಮಾಡದಿದ್ದುದು ಒಂದೇ ಕಾಡುತ್ತೆ. ಅರ್ಧಂಬರ್ಧ ಸಂಶೋಧನೆ ಮನೆಯೊಳಗೆ ಬಂದರೆ ಹೀಗೆ ಗಾಯ ಮಾಡುತ್ತೆ.

ಗಂಗೋತ್ರಿಯಲ್ಲಿ ಓದಿದವಳು

ಅಣ್ಣ, ಒಪ್ಪಿದೆ. ಮೊದಲ ಸಾಲಿನಲ್ಲೇ ಹೇಳುತ್ತೇನೆ: ಖಾತ್ರಿ ಇಲ್ಲ. ನಿಮ್ಮ ಅಮ್ಮನಿಗೆ ಬಂದದ್ದು ನಿಮ್ಮ ತಪ್ಪಿನಿಂದ ಅಲ್ಲ. ಇದನ್ನು ಮಾತ್ರ ಖಾತ್ರಿಯಾಗಿ ಹೇಳಬಲ್ಲೆ. ಆ 14 ಕಾರಣ ಎಲ್ಲ ಸರಿಪಡಿಸಿದರೂ ಅರ್ಧಕ್ಕಿಂತ ಜಾಸ್ತಿ ಡಿಮೆನ್ಷಿಯಾ ಹಾಗೇ ಉಳಿಯುತ್ತೆ ಅಂತ ಅದೇ ವರದಿಯ ಅರ್ಥ. ವಯಸ್ಸು, ವಂಶ, ನಮ್ಮ ಕೈಯಲ್ಲಿಲ್ಲದ್ದು ಬಹಳ ಇದೆ.

ಈಗ ಇನ್ನೊಂದು ಸಂಗತಿ ಹೇಳಲೇಬೇಕು. ಅಂಗಡಿಯ ಹಾಳೆಯಲ್ಲಿ ಇರಬೇಕಾದದ್ದು ನಿಜವಾಗಿ ಇದು. ಅದೇ ಅಚೀವ್ ಟ್ರಯಲ್‌ನ 977 ಜನರನ್ನು ಒಡನಾಟದ ಲೆಕ್ಕದಲ್ಲೂ ನೋಡಿದರು. 2025ರಲ್ಲಿ ಬಂತು. ಮೂರು ವರ್ಷದ ಕೊನೆಗೆ, ಏಡ್ ಹಾಕಿದವರಿಗೆ ಮಾತುಕತೆ ಇಟ್ಟುಕೊಂಡ ಜನ ಹಾಕದವರಿಗಿಂತ ಸರಾಸರಿ ಒಬ್ಬರು ಜಾಸ್ತಿ ಉಳಿದಿದ್ದರು. ಒಬ್ಬರು. ಕೇಳಲು ಸಣ್ಣದು. ಆದರೆ 72ರಲ್ಲಿ ಒಬ್ಬ ಗೆಳೆಯ ಅಂದರೆ ಏನು ಅಂತ ಮೇಷ್ಟ್ರು ಹೇಳಲಿ. ಇದು ಆ 238 ಜನರಲ್ಲಿ ಅಷ್ಟೇ ಅಲ್ಲ, ಇಡೀ ಗುಂಪಿನಲ್ಲಿ ಕಂಡದ್ದು.

ಹಾಗಾಗಿ ನನ್ನ ಮಾತು ಇಷ್ಟು: ಮರೆವಿನ ಭಯಕ್ಕೆ ಮಿಷನ್ ಹಾಕಿಸಬೇಡಿ. ಅಪ್ಪ ಮತ್ತೆ ಮಾತಿನೊಳಗೆ ಬರಲಿ ಅಂತ ಹಾಕಿಸಿ. ಅದಕ್ಕೆ ಐದು ವರ್ಷ ಕಾಯಬೇಕಿಲ್ಲ, ಫಲ ಕೆಲವು ವಾರದಲ್ಲೇ ಕಾಣಬಹುದು. ಜಗತ್ತಿನಲ್ಲಿ ಏಡ್‌ನಿಂದ ಉಪಯೋಗ ಆಗಬಹುದಾದ ನೂರು ಜನರಲ್ಲಿ ಹಾಕಿಕೊಳ್ಳುವವರು 17 ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತ್ತು. ಉಳಿದ 83 ಜನ ಮೇಷ್ಟ್ರ ಹಾಗೆ 'ಹೂಂ' ಅಂದುಕೊಂಡು ಮೂಲೆಯಲ್ಲಿ ಕೂತಿದ್ದಾರೆ.

ನಿವೃತ್ತ ಮೇಷ್ಟ್ರು, ಮಂಡ್ಯ

ಆ ಒಬ್ಬರು ನನಗೆ ಪಾರ್ಕಿನ ಕಟ್ಟೆಯ ಒಬ್ಬ ನಿವೃತ್ತ ಕಂಡಕ್ಟರು. ಮಿಷನ್ ಹಾಕಿಕೊಂಡು ಹೋದ ದಿನ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಹಿಂದಿನ ದಿನ ಎದ್ದು ಹೋದವರಿಗೆ ಬಿಡುವ ಹಾಗೆ. ಎರಡು ವರ್ಷ ನಾನು ಅಲ್ಲಿಗೆ ಹೋಗಿರಲಿಲ್ಲ.

ಕುವೆಂಪುನಗರದ ಮಗಳು

ಇದನ್ನೆಲ್ಲ ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಈಗ ಎಲ್ಲಿಗೆ ಹೋಗಬೇಕು, ಏನು ಕೇಳಬೇಕು ಹೇಳಿ.

ಗಂಗೋತ್ರಿಯಲ್ಲಿ ಓದಿದವಳು

ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಮೈಸೂರಿನವರು 'ಸ್ಪೀಚ್ ಅಂಡ್ ಹಿಯರಿಂಗ್' ಅಂತೀವಲ್ಲ, ಅದೇ. 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ, ನಮಗೆ ಆಟೋ ದೂರ.

ಮೊದಲು ಇಎನ್‌ಟಿ ವೈದ್ಯರು ಕಿವಿ ನೋಡಲಿ. ಎಷ್ಟೋ ಸಲ ಗುಗ್ಗೆ ಗಟ್ಟಿಯಾಗಿ ಕೂತಿರುತ್ತೆ, ಅದನ್ನು ತೆಗೆದರೆ ಅರ್ಧ ಸಮಸ್ಯೆ ಮುಗಿಯುತ್ತೆ. ಬಿಸಿ ಎಣ್ಣೆ ಬಿಡಬೇಡಿ. ಆಮೇಲೆ ಸದ್ದು ಒಳಗೆ ಬಾರದ ಕೋಣೆಯಲ್ಲಿ ಪೂರ್ತಿ ಪರೀಕ್ಷೆ. ಹತ್ತು ನಿಮಿಷದಲ್ಲಿ ಮುಗಿಸಬೇಡಿ ಅಂತ ಹೇಳಿ. ಕನ್ನಡದ ಪದ ಹೇಳಿ ಎಷ್ಟು ಅರ್ಥ ಆಗುತ್ತೆ ಅಂತಲೂ ನೋಡಬೇಕು. ಏಡ್ ಕೊಳ್ಳುವ ಮೊದಲು ಹಾಕಿ ನೋಡಲು ಕೇಳಿ. ಅಂಗವೈಕಲ್ಯ ಶೇ 40 ದಾಟಿದರೆ, ಆದಾಯ ಮಿತಿಯೊಳಗೆ ಇದ್ದರೆ, ಕೇಂದ್ರದ ಅಡಿಪ್ ಯೋಜನೆಯಲ್ಲಿ ಏಡ್ ಉಚಿತವಾಗಿ ಸಿಗುತ್ತೆ.

ಎಲ್ಲರಿಗೂ ಒಂದು ಮಾತು. ಒಂದೇ ಕಿವಿ ದಿಢೀರ್ ಅಂತ ಕೇಳದೆ ಹೋದರೆ ನಾಳೆ ನೋಡೋಣ ಅನ್ನಬೇಡಿ. ಅವತ್ತೇ ಇಎನ್‌ಟಿ ಹತ್ತಿರ ಹೋಗಿ. ಚಿಕಿತ್ಸೆಗೆ ಕೆಲವೇ ದಿನ ಇರುತ್ತೆ.

ಕುವೆಂಪುನಗರದ ಮಗಳು

ಮೂರು ವಾರ ಆಯ್ತು. ಏನಾಯ್ತು ಅಂತ ಹೇಳಬೇಕಲ್ವಾ.

ಅಪ್ಪನನ್ನು ಆ ಗಾಜಿನ ಕಿಟಕಿಯ ಕೋಣೆಯಲ್ಲಿ ಕೂರಿಸಿದರು. ತಲೆಗೆ ಹೆಡ್‌ಫೋನು, ಕೈಗೆ ಒಂದು ಗುಂಡಿ. ಸದ್ದು ಎಷ್ಟು ಸಣ್ಣಗೆ ಕೇಳಿದರೂ ಒತ್ತಬೇಕು. ನಾನು ಹೊರಗಿನಿಂದ ನೋಡುತ್ತಿದ್ದೆ. ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ ಕೂತಿದ್ದರು. ಒಂದೊಂದು ಸಲ ಬಹಳ ಹೊತ್ತು ಒತ್ತುತ್ತಲೇ ಇರಲಿಲ್ಲ. ಒಳಗೆ ಸದ್ದು ಬರುತ್ತಿದೆ, ಅವರಿಗೆ ಕೇಳುತ್ತಿಲ್ಲ ಅಂತ ನನಗೆ ಆಗ ಗೊತ್ತಾಯಿತು. ನಕ್ಷೆ ಬಂತು. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಇಂಟು. ಎರಡೂ ಗೆರೆ ಎಡದಲ್ಲಿ ಮೇಲಿದ್ದು, ಬಲಕ್ಕೆ ಹೋಗುತ್ತಾ ಬಾವಿಗೆ ಇಳಿದ ಹಾಗೆ ಇಳಿದಿದ್ದವು.

ಅಂಗಡಿಯವರು ಹೇಳಿದ್ದರಲ್ಲಿ ಕಾಲು ಭಾಗದ ಬೆಲೆಗೆ ಎರಡೂ ಕಿವಿಗೆ ಏಡ್ ಆಯಿತು. ಕಿವಿ ಹಿಂದೆ ಕೂರುವಂಥದ್ದು. ಅದರ ಬ್ಯಾಟರಿಗೆ ಕಿತ್ತಳೆ ಬಣ್ಣದ ಚೀಟಿ ಅಂಟಿಸಿರುತ್ತಾರೆ. ಅದನ್ನು ಕಿತ್ತು ಒಂದು ನಿಮಿಷ ಗಾಳಿಗೆ ಇಟ್ಟು ಆಮೇಲೆ ಹಾಕಬೇಕು, ಗಾಳಿ ಕುಡಿದರೇ ಅದು ಕೆಲಸ ಮಾಡುವುದು. ಅಪ್ಪ ಆ ಒಂದು ನಿಮಿಷ ಗಡಿಯಾರ ನೋಡಿಕೊಂಡು ಕೂರುತ್ತಾರೆ. ರಾತ್ರಿ ಹಳೇ ಕನ್ನಡಕದ ಡಬ್ಬಿಯಲ್ಲಿ ಇಡುತ್ತಾರೆ.

ಮೊದಲ ನಾಲ್ಕು ದಿನ ಕಷ್ಟ ಆಯಿತು. ಪಾತ್ರೆ ತೊಳೆಯುವ ಸದ್ದಿಗೆ ಬೆಚ್ಚುತ್ತಿದ್ದರು. ಕೀ ಅಂತ ಶಿಳ್ಳೆ ಹೊಡೆಯಿತು. ಕಿತ್ತಿಟ್ಟರು. ಮೇಷ್ಟ್ರು ಮೆಸೇಜ್ ಮಾಡಿ ದಿನಕ್ಕೆ ಎರಡು ಗಂಟೆಯಿಂದ ಶುರು ಮಾಡಿಸಿ ಅಂದರು. ಕಿವಿಯೊಳಗೆ ಕೂರುವ ಅಚ್ಚು ಸರಿಯಾಗಿ ಕೂರಿಸಿದ ಮೇಲೆ ಶಿಳ್ಳೆ ನಿಂತಿತು. ಐದನೇ ದಿನ ಅಮ್ಮ ಒಗ್ಗರಣೆ ಹಾಕುತ್ತಿದ್ದರು. ಅಪ್ಪ ಹಜಾರದಿಂದ ಎದ್ದು ಬಂದು ಬಾಗಿಲಲ್ಲಿ ನಿಂತರು. 'ಸಾಸಿವೆ ಸಿಡೀತಾ ಅದೆ ಕಣೇ' ಅಂದರು. ಅಮ್ಮ ಸೌಟು ಹಿಡಿದುಕೊಂಡು ಹಾಗೇ ನಿಂತುಬಿಟ್ಟರು.

ಮರೆವು ಬರುತ್ತೋ ಬಿಡುತ್ತೋ, ಅದರ ಬಗ್ಗೆ ಈಗ ಯೋಚನೆ ಮಾಡುತ್ತಿಲ್ಲ. ಬಿಪಿ ಮಾತ್ರೆ ತಪ್ಪಿಸದ ಹಾಗೆ ನೋಡಿಕೊಳ್ಳುತ್ತಿದ್ದೇನೆ, ಅದೂ ಆ 14ರಲ್ಲಿ ಇದೆಯಲ್ಲ.

ಮದ್ದೂರಿನವನು

ಅಕ್ಕ, ಸಾಸಿವೆಯ ಸಾಲು ಎರಡು ಸಲ ಓದಿದೆ. ಒಳ್ಳೇದಾಗಲಿ. ಆ ಅಂಗಡಿಯ ಹಾಳೆ ಇನ್ನೂ ನಿಮ್ಮ ಹತ್ತಿರ ಇದ್ದರೆ, ಅದರ ಹಿಂದೆ 977 ಮತ್ತು 238 ಅಂತ ಬರೆದಿಡಿ. ಇನ್ನೊಬ್ಬರು ಕೇಳಿದರೆ ತೋರಿಸಲು ಆಗುತ್ತೆ.

ಗಾಣದ ಮನೆ

ನಾಲ್ಕು ಇಯರ್ ಮಫ್ ತಂದೆ. ಹುಡುಗರು ಮೊದಲು ಬೇಡ ಅಂದರು, ಈಗ ಹಾಕುತ್ತಿದ್ದಾರೆ. ನನ್ನ ಪರೀಕ್ಷೆ ಇನ್ನೂ ಆಗಿಲ್ಲ. ಕಬ್ಬು ಅರೆಯುವುದು ಒಂದು ಹಂತಕ್ಕೆ ಬರಲಿ ಅಂತ ಕಾಯುತ್ತಿದ್ದೇನೆ.

ಕುವೆಂಪುನಗರದ ಮಗಳು

ಅಣ್ಣ, ಅಪ್ಪನಿಗೆ ಮುಂದಿನ ತಿಂಗಳು ಮತ್ತೆ ತೋರಿಸಲು ಬರಬೇಕು. ಪಾಂಡವಪುರದಿಂದ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೊರಡುತ್ತಾರೆ. ನೀವೂ ಅವತ್ತೇ ಬನ್ನಿ. ಒಂದು ದಿನ ಗಾಣ ನಿಲ್ಲಲಿ. ಅಪ್ಪನೇ ನಿಮಗೆ ಎಲ್ಲ ತೋರಿಸುತ್ತಾರೆ, ಗುಂಡಿ ಒತ್ತುವುದು ಹೇಗೆ ಅಂತ ಅವರಿಗೆ ಈಗ ಚೆನ್ನಾಗಿ ಗೊತ್ತು.